ಅಳಿಸಿದ ಮೇಲೂ ಓಡಿದ ಹತ್ತು ಸೆಕೆಂಡ್

ನಂಬದವರು ಇಲ್ಲಿಗೇ ನಿಲ್ಲಿಸಿ. ಈ ವಯಸ್ಸಿನಲ್ಲಿ ಕಥೆ ಕಟ್ಟಿ ನನಗೇನೂ ಆಗಬೇಕಾಗಿಲ್ಲ. ಇದು ತೊಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆ ಶೆಡ್ಡಿನಲ್ಲಿ ನಡೆದದ್ದು. ನಾನು ಅಲ್ಲಿ ಸೂಪರ್‌ವೈಸರ್. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬ ಬೇರೆ.

ತಗಡು ಒತ್ತುವ ನಮ್ಮ ಪವರ್ ಪ್ರೆಸ್‌ಗೆ ಎರಡು ಗುಂಡಿ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು. ಕೈ ಒಳಗೆ ಸಿಕ್ಕಬಾರದೆಂದೇ ಆ ಏರ್ಪಾಡು. ಕೆಲಸ ಬೇಗ ಸಾಗಲೆಂದು ನಾವು ಒಂದು ಗುಂಡಿಯನ್ನು ಒತ್ತಿದಂತೆಯೇ ಇರಲೆಂದು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದುಬಿಡುತ್ತಿದ್ದೆವು. ಅಂದು ಬಿಗಿದವನು ನಾನೇ.

"ಬ್ಯಾಡ್ರೀ ಸಾಹೇಬ್ರ, ಬಿಚ್ರಿ" ಎಂದ ಆ ಪ್ರೆಸ್ ನಡೆಸುತ್ತಿದ್ದ ಗದಗ ಕಡೆಯ ಬಸಪ್ಪ.

"ನೀನೇನ್ ವೀಣೆ ನುಡಿಸ್ಬೇಕೇನೋ ಆ ಕೈಲಿ? ಒತ್ತೋ!"

ಅರ್ಧ ಗಂಟೆಯೊಳಗೆ ಅವನ ಬಲಗೈಯ ನಾಲ್ಕು ಬೆರಳು ಹೋದವು.

ಗಿರಾಕಿಗಳಿಗೆ ಕೆಲಸ ತೋರಿಸಲೆಂದು ಮಾಲೀಕ ಕ್ಯಾಮೆರಾ ಇಡಿಸಿದ್ದ. ನಾನು ಗಂಟು ಹಾಕಿದ್ದು ಅದರಲ್ಲಿ ಸಿಕ್ಕಿತ್ತು. ಅಪಘಾತದ ವಿಚಾರಣೆಯ ಹಿಂದಿನ ದಿನ ಮಾಲೀಕ ಕಾಫಿ ಹೀರುತ್ತಾ, "ಬಸಪ್ಪನೇ ಕಟ್ಕೊಂಡ ಅಂತ ಹೇಳಿ. ವಿಡಿಯೊ ಅಳಿಸ್ಬಿಡಿ" ಎಂದ. ಆ ಲೋಟ ನೆನೆದರೆ ಈಗಲೂ ಮೈ ಉರಿಯುತ್ತದೆ. "ಆಯ್ತು ಸಾರ್" ಎಂದ ನನ್ನ ಬಾಯಿಯನ್ನು ನೆನೆದರೆ ಇನ್ನೂ ಹೆಚ್ಚು.

ರಾತ್ರಿ ಕಂಪ್ಯೂಟರ್ ಕೋಣೆಗೆ ಹೋದೆ. ವಿಡಿಯೊ ತೋರಿಸುವ ಪ್ರೋಗ್ರಾಂ ಬರೆಯುತ್ತಿದ್ದ ಲತಾ ಇನ್ನೂ ಕೂತಿದ್ದಳು. ಪರದೆಯ ಮೇಲೆ ನನ್ನ ಕೈ, ಗಂಟು... ಮತ್ತೆ ನನ್ನ ಕೈ, ಗಂಟು...

ಫೈಲ್ ಅಳಿಸುವಂತೆ ಗದರಿಸಿದೆ. ಅಳಿಸಿದಳು. ಚಿತ್ರ ನಿಲ್ಲಲಿಲ್ಲ.

"ಏನಮ್ಮಾ ಇದು?"

"ಡಿಸ್ಕಿಂದ ಹೋಯ್ತು ಸಾರ್. ಆದ್ರೆ ಮೊದ್ಲೇ ಮೆಮೊರಿಗೆ ಲೋಡ್ ಮಾಡಿದ್ದೆ. ಪೂರ್ತಿ ಹಿಡಿಸಲ್ಲ, ಹತ್ತೇ ಸೆಕೆಂಡ್. ಕರೆಂಟ್ ಇರೋವರ್ಗೂ ಓಡ್ತಿರತ್ತೆ." ಅವಳು ದನಿ ತಗ್ಗಿಸಿದಳು. "ಬೇಕಂದ್ರೆ ವಾಪಸ್ ಡಿಸ್ಕಿಗೆ ಉಳಿಸ್ಬೋದು ಸಾರ್... ನಾಳೆ ಬಸಪ್ಪಣ್ಣನ ವಿಚಾರಣೆ ಅಲ್ವಾ?"

"ನಿನ್ ಕೆಲ್ಸ ನೋಡ್ಕೊ. ನಡಿ ಮನೆಗೆ!"

ಅವಳು ಹೋದಳು. ನಾನು ಕಂಪ್ಯೂಟರಿನ ಪ್ಲಗ್ ಕಿತ್ತೆ. ಒಳಗಿನ ಫ್ಯಾನಿನ ಸದ್ದು ನಿಂತಿತು.

ಪರದೆ ಆರಲಿಲ್ಲ.

ನನ್ನ ಕೈ, ಗಂಟು... ಹತ್ತು ಸೆಕೆಂಡ್ ಕಳೆಯಿತು. ಈ ಸಲ ಚಿತ್ರ ಮೊದಲಿಗೆ ಮರಳಲಿಲ್ಲ. ಗ್ರೀಸಿನ ಜೊತೆ ಹಸಿ ರಕ್ತದ ವಾಸನೆ... ಪರದೆಯೊಳಗೆ ಇನ್ನೊಂದು ಕೈ ಬಂತು. ಹೆಬ್ಬೆರಳೊಂದೇ ಇದ್ದ ಕೈ. ಚಿತ್ರ ತೆಗೆದ ಹೊತ್ತಿನಲ್ಲಿ ಬಸಪ್ಪನ ಬೆರಳುಗಳೆಲ್ಲ ಇದ್ದವು! ಅದು ಗಂಟು ಬಿಚ್ಚಲು ತಡಕಾಡಿತು... ಜಾರಿತು... ಮತ್ತೆ ತಡಕಾಡಿತು.

ಆ ಕ್ಯಾಮೆರಾ ಧ್ವನಿ ಹಿಡಿಯುತ್ತಿರಲಿಲ್ಲ. ಆದರೂ ಕೇಳಿಸಿತು.

"ಬಿಚ್ರೀ ಸಾಹೇಬ್ರ..."

ಚಪ್ಪಲಿ ಬಿಟ್ಟು ಓಡಿದೆ.

ಅಷ್ಟು ಕಂಡ ಮೇಲಾದರೂ ನಿಜ ನುಡಿದೆನೇ? ಥೂ! ಬೆಳಿಗ್ಗೆ, ಬ್ಯಾಂಡೇಜಿನ ಕೈಯನ್ನು ಎದೆಗವಚಿ ನಿಂತಿದ್ದ ಬಸಪ್ಪನ ಎದುರಿಗೇ, ಅವನೇ ಕಟ್ಟಿಕೊಂಡನೆಂದು ಹೇಳಿದೆ. ಅವನನ್ನು ಕೆಲಸದಿಂದ ತೆಗೆದರು. ಆಮೇಲೆ ನಾನು ಎಷ್ಟು ಹುಡುಕಿದರೂ ಅವನು ಸಿಗಲಿಲ್ಲ.

ಈಗಲೂ ರಾಜಗೋಪಾಲನಗರದ ನಮ್ಮ ಮನೆಯಲ್ಲಿ ಕರೆಂಟ್ ಹೋದಾಗಲೆಲ್ಲ ನನ್ನ ಬಲಗೈಯ ನಾಲ್ಕು ಬೆರಳು ಮರಗಟ್ಟುತ್ತವೆ. ಡಾಕ್ಟರು ಏನೂ ಇಲ್ಲ ಎನ್ನುತ್ತಾರೆ. ಕತ್ತಲಲ್ಲಿ ಹೆಬ್ಬೆರಳೊಂದೇ ತಾನಾಗಿ ತಡಕಾಡುತ್ತದೆ... ಯಾವುದೋ ಗಂಟಿಗಾಗಿ.