ಪಂಚಾಕ್ಷರಯ್ಯನವರು ಯಾರನ್ನೂ ನಂಬುವುದಿಲ್ಲ

ಚಾಮರಾಜಪೇಟೆಯ ವಾಚನಾಲಯಕ್ಕೆ ಎಲ್ಲರಿಗಿಂತ ಮೊದಲು ಬರುವವರು ಪಂಚಾಕ್ಷರಯ್ಯ. ಕೋರ್ಟಿನಲ್ಲಿ ಮೂವತ್ತು ವರ್ಷ ಭಾಷಾಂತರ ಮಾಡಿ ನಿವೃತ್ತರಾದವರು. ಆ ವರ್ಷ ಪತ್ರಿಕೆಯಲ್ಲಿ ಇಬ್ಬರು ಲೇಖಕರು ವಾದಕ್ಕಿಳಿದಿದ್ದರು: ತೀರ್ಪು ಕನ್ನಡದಲ್ಲೇ ಬರಬೇಕೆಂದು ಒಬ್ಬರು, ಇಂಗ್ಲಿಷೇ ಇರಲೆಂದು ಇನ್ನೊಬ್ಬರು. ಅಯ್ಯನವರು ಇಬ್ಬರನ್ನೂ ಕೆಂಪು ಪೆನ್ಸಿಲ್ ಹಿಡಿದೇ ಓದುತ್ತಿದ್ದರು. ಉಪಮೆ ಕಂಡರೆ ಮೂಗು ಮುರಿಯುವರು. ‘ಬಡವರ ಕಣ್ಣೀರು’ ಎಂದಿದ್ದರೆ ಖೋಟಾ ನೋಟೇನೋ ಎಂಬಂತೆ ಪುಟವನ್ನು ಬೆಳಕಿಗೆ ಹಿಡಿಯುವರು. “ಇವ್ರು ಅಳಿಸ್ತಾರೆ, ಅವ್ರು ಒಪ್ಪಿಸ್ತಾರೆ. ಇಬ್ರೂ ಏನೋ ಮುಚ್ಚಿಡ್ತಿದಾರೆ” ಎನ್ನುವರು. ಗ್ರಂಥಪಾಲಕಿ ಸುಪ್ರಜಾ ಒಮ್ಮೆ ಕೇಳಿಯೇಬಿಟ್ಟಳು: “ಚೆನ್ನಾಗಿ ಬರೆದ್ರೆ ನಿಮಗ್ಯಾಕೆ ಸರ್ ಇಷ್ಟು ಅನುಮಾನ?” ಅವರು ಪತ್ರಿಕೆ ಮಡಿಸಿದರು. “ಒಬ್ಬ ಹೆಂಗಸು ಕಟಕಟೇಲಿ ನಿಂತು ‘ತಳ್ಳಿದೆ’ ಅಂದ್ಲಮ್ಮ. ಇಂಗ್ಲಿಷ್‌ನಲ್ಲಿ ನಾನು ‘ಹಲ್ಲೆ ಮಾಡಿದೆ’ ಅನ್ನೋ ಅರ್ಥ ಬರೋ ಹಾಗೆ ಬರೆದೆ. ವಾಕ್ಯ ಚೆನ್ನಾಗಿ ಕೂತ್ಕೊಳ್ತು. ಅವಳಿಗೆ ಮೂರು ವರ್ಷ ಶಿಕ್ಷೆ ಆಯ್ತು. ತೀರ್ಪು ಓದಿದ್ದು ಇಂಗ್ಲಿಷ್‌ನಲ್ಲಿ; ‘ಜಡ್ಜು ಏನಂದ್ರು ಸ್ವಾಮಿ?’ ಅಂತ ನನ್ನನ್ನೇ ಕೇಳಿದ್ಲು.” “ನೀವೇನಂದ್ರಿ ಸರ್?” “ಕೇಳಿಸದೇ ಇದ್ದೋನ ಹಾಗೆ ಕಡತ ಕಟ್ತಾ ನಿಂತಿದ್ದೆ” ಎಂದರು ಅಯ್ಯನವರು.