ಮುನಿಸ್ವಾಮಪ್ಪನವರ ಮೇನ್ ಸ್ವಿಚ್ಚು

ಆಂಡರ್ಸನ್‌ಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಮುನಿಸ್ವಾಮಪ್ಪನವರು ಯಾರನ್ನೇ ಮಾತಿಗೆ ಹಿಡಿಯಲಿ, ಸಾವಿರದ ಒಂಬೈನೂರ ಎರಡನೇ ಇಸವಿಯಿಂದ ಶುರು ಮಾಡುತ್ತಾರೆ. ಶಿವನಸಮುದ್ರದಿಂದ ನಮ್ಮ ಚಿನ್ನದ ಗಣಿಗೆ ಕರೆಂಟು ಬಂದ ವರ್ಷ ಅದು. "ಬೆಂಗಳೂರ್ನೋರು ಆವಾಗಿನ್ನೂ ಬುಡ್ಡಿ ಒರೆಸ್ತಾ ಕುಂತಿದ್ರು" ಎನ್ನುವಾಗ ಅವರ ಮುಖ ನೋಡಬೇಕು. ಅಷ್ಟು ದೂರದ ತಂತಿಯನ್ನು ಅವರೇ ಹೆಗಲ ಮೇಲೆ ಹೊತ್ತು ತಂದಂತಿರುತ್ತದೆ. ಅವರು ಹುಟ್ಟಿದ್ದು ಅದಾಗಿ ಐವತ್ತು ವರ್ಷ ಕಳೆದ ಮೇಲೆ. ಅದನ್ನು ನೆನಪಿಸುವ ಧೈರ್ಯ ಅವರ ಹೆಂಡತಿ ಚಿಕ್ಕವೆಂಕಟಮ್ಮನಿಗೆ ಮಾತ್ರ ಇದೆ.

ಅವರು ನಂದಿದುರ್ಗ ಗಣಿಯ ಸಬ್‌ಸ್ಟೇಷನ್ನಿನಲ್ಲಿ ಇಪ್ಪತ್ತೆಂಟು ವರ್ಷ ಸ್ವಿಚ್ಚು ಕಾಯ್ದವರು. ಗಣಿ ಮುಚ್ಚಿತು, ಸ್ವಿಚ್ಚುಗಳೆಲ್ಲ ಗುಜರಿಗೆ ಹೋದವು, ಕಾಯುವವರು ಮಾತ್ರ ಉಳಿದರು. ಕಾಯಲು ಏನಾದರೊಂದು ಬೇಕಲ್ಲ, ಈಗ ಮನೆಯನ್ನು ಕಾಯುತ್ತಾರೆ. ಬಂದ ನೆಂಟರು ಫ್ಯಾನಿನ ಕೆಳಗಿನಿಂದ ನೀರು ಕುಡಿಯಲು ಎದ್ದು ವಾಪಸು ಕೂರುವಷ್ಟರಲ್ಲಿ ಫ್ಯಾನು ನಿಂತಿರುತ್ತದೆ. ಸಂಜೆ ಹೊತ್ತು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಮೀಟರಿನ ಕೆಂಪು ದೀಪ ನಿಮಿಷಕ್ಕೆ ಎಷ್ಟು ಸಲ ಮಿಟುಕುತ್ತದೆಂದು ಲೆಕ್ಕ ಹಿಡಿಯುತ್ತಾರೆ. ಮಿಟುಕು ಜಾಸ್ತಿಯಾದರೆ ಒಳಗೆ ಯಾರೋ ಏನೋ ತಪ್ಪು ಮಾಡುತ್ತಿದ್ದಾರೆಂದೇ ಅರ್ಥ.

"ಫ್ರಿಜ್ಜು ಎಷ್ಟ್ ಸಲ ತೆಗೀತೀಯ? ಏನ್ ಬೇಕೋ ಮೊದ್ಲೇ ಯೋಚ್ನೆ ಮಾಡ್ಕೊಂಡು ಒಂದೇ ಸಲ ತೆಗಿ!"

"ನಿನ್ನ ಸ್ನಾನದ ನೀರ್ಗೆ ಆ ರಾಡು ದಿನಾ ಒಂದ್ ಗಂಟೆ ಕಾಯ್ತದಲ್ಲ, ಅದ್ಕೆ ಕರೆಂಟು ನಿಮ್ಮ ತಾತ ಕೊಡ್ತಾನಾ?" ಎಂದು ಚಿಕ್ಕವೆಂಕಟಮ್ಮ ಅಡುಗೆಮನೆಯಿಂದಲೇ ಕೇಳುತ್ತಾರೆ.

"ಅದು ಆರೋಗ್ಯದ ವಿಸ್ಯ."

ಇಷ್ಟಕ್ಕೂ ಸರ್ಕಾರದ ಉಚಿತ ಯೂನಿಟ್ಟಿನಿಂದಾಗಿ ಆ ಮನೆಯ ಬಿಲ್ಲು ಪ್ರತಿ ತಿಂಗಳೂ ಸೊನ್ನೆ. ಸೊನ್ನೆಯಿಂದ ಇನ್ನೂ ಕೆಳಗಿಳಿಸುವುದು ಹೇಗೆ ಎಂಬುದೇ ಮುನಿಸ್ವಾಮಪ್ಪನವರ ಚಿಂತೆ.

ಇಂಥ ಮನೆಗೆ ಹೋದ ವರ್ಷ ಇಂಟರ್ನೆಟ್ ಬಂತು. ತರಿಸಿದವಳು ಸೊಸೆ ನವ್ಯ. ಅವಳ ಗಂಡ ಲಾರಿ ಓಡಿಸುತ್ತಾನೆ, ವಾರಕ್ಕೊಂದು ದಿನ ಮನೆಯಲ್ಲಿದ್ದರೆ ಹೆಚ್ಚು. ನವ್ಯ ಎರಡು ವರ್ಷ ಬೆಳಗಿನ ರೈಲು ಹಿಡಿದು ಬಂಗಾರಪೇಟೆ ಮೇಲೆ ಬೆಂಗಳೂರಿಗೆ ನಿಂತೇ ಹೋಗಿ ನಿಂತೇ ಬಂದವಳು. ಬಟ್ಟೆ ಒಗೆಯುವ ಮೆಷೀನು ಕೆಟ್ಟವರ ದೂರುಗಳನ್ನು ಫೋನಿನಲ್ಲಿ ಕೇಳಿಸಿಕೊಳ್ಳುವ ಕೆಲಸ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಗುಳ ತಿನ್ನಬಲ್ಲವಳೆಂದು ಕಂಪನಿಯಲ್ಲಿ ಅವಳಿಗೆ ಬೆಲೆಯಿತ್ತು. ಮಗಳು ಲಿಖಿತಳಿಗೆ ಮೂರು ವರ್ಷ. ಅಮ್ಮ ಹೊರಡುವಾಗ ಮಗು ನಿದ್ದೆಯಲ್ಲಿ, ಬರುವಾಗಲೂ ನಿದ್ದೆಯಲ್ಲಿ. ನವ್ಯ ಬೇಡಿಕೊಂಡು ಬೇಡಿಕೊಂಡು, ಕೊನೆಗೆ ಕಂಪನಿಯವರು ಮನೆಯಿಂದಲೇ ಮಾಡು ಎಂದರು. ಷರತ್ತು ಒಂದೇ. ಒಂದು ತಿಂಗಳು ಪರೀಕ್ಷೆ. ಕೆಲಸದ ಹೊತ್ತಿನಲ್ಲಿ ಸಂಪರ್ಕ ಹತ್ತು ನಿಮಿಷ ಮೀರಿ ತಪ್ಪಿದರೆ ಒಂದು ಕಪ್ಪು ಗುರುತು. ಮೂರು ಗುರುತು ಬಿದ್ದರೆ ಮತ್ತೆ ರೈಲು.

ರಾಬರ್ಟ್‌ಸನ್‌ಪೇಟೆಯ ಸೆಲ್ವರಾಜ್ ಬಂದು ತಾರಸಿಯ ಮೇಲೊಂದು ಬಿಳಿ ಡಬ್ಬಿ, ನಡುಮನೆಯಲ್ಲೊಂದು ಬಿಳಿ ಡಬ್ಬಿ ಕೂರಿಸಿದ.

"ರೋಡ್ ಅಗ್ಯೋದು ಇಲ್ಲ, ಕಂಬದಿಂದ ಕೇಬಲ್ ಎಳ್ಯೋದು ಇಲ್ಲ ಅಯ್ಯಾ. ಟವರಿಂದ ಸೀದಾ ಗಾಳೀಲಿ ಬರ್ತದೆ. ಫುಲ್ಲಾ ವೈರ್‌ಲೆಸ್!"

ಮುನಿಸ್ವಾಮಪ್ಪ ಕನ್ನಡಕ ಏರಿಸಿ ಡಬ್ಬಿಯ ಹಿಂಭಾಗ ನೋಡಿದರು. "ಇದೇನ್ಲಾ ಇದು, ಬಾಲ?"

"ಅದು ಕರೆಂಟ್ ವೈರು ಅಯ್ಯಾ."

"ವೈರ್‌ಲೆಸ್ ಅಂದ್ಯಲ್ಲ. ವೈರ್ ಇಲ್ದಿರೋದಕ್ಕೆ ವೈರ್ ಯಾಕ್ಲಾ?"

"ರೇಡಿಯೋ ಕೂಡ ಗಾಳೀಲೇ ಬರ್ತದೆ ಅಯ್ಯಾ. ಸೆಲ್ ಹಾಕಲ್ವಾ?"

"ಅಂಗಾದ್ರೆ ಇದ್ಕೂ ಸೆಲ್ ಹಾಕು."

ಸೆಲ್ವರಾಜ್ ಮೇಲೆ ನೋಡಿ "ಮುರುಗಾ" ಎಂದು ಚೀಲ ಎತ್ತಿಕೊಂಡು ಹೊರಟ.

ಮೊದಲ ಗುರುತು ಬಿದ್ದದ್ದು ಮೂರನೆಯ ದಿನ. ನವ್ಯ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾರೋ ಮದುರೈ ಅಮ್ಮನ ಮೆಷೀನು ನೀರು ಕಕ್ಕುವ ಕಥೆ ಕೇಳುತ್ತಿದ್ದಳು. ಮಾವ ನಡುಮನೆಯಲ್ಲಿ ಡಬ್ಬಿಯ ಬಾಲ ಕಿತ್ತು ಪ್ರಯೋಗ ಮಾಡಿದರು. ಡಬ್ಬಿಯ ಮೇಲಿನ ಹಸಿರು ದೀಪ ಆರಿತು. ದೀಪಕ್ಕೆ ಮಾತ್ರ ಕರೆಂಟು ಬೇಕು, ಇಂಟರ್ನೆಟ್ಟಿಗೆ ಬೇಡ ಎಂದು ಅವರು ತೀರ್ಮಾನಿಸಿ ತರಕಾರಿಗೆ ಹೋದರು. ನವ್ಯ ತಾರಸಿ ಹತ್ತಿ ಡಬ್ಬಿ ಅಲ್ಲಾಡಿಸಿ, ಸೆಲ್ವರಾಜನಿಗೆ ಫೋನ್ ಮಾಡಿ, ಇಳಿದು ಬಂದು ಪ್ಲಗ್ಗು ನೋಡುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು.

"ಮಾವ, ದಮ್ಮಯ್ಯ ಅಂತೀನಿ, ಇದನ್ನ ಮುಟ್ಬೇಡಿ. ಒಂದು ಸಣ್ಣ ಬಲ್ಬಿನಷ್ಟೂ ಕರೆಂಟು ತಿನ್ನಲ್ಲ ಇದು."

"ಸಣ್ಣ ಬಲ್ಬೇ ಕಣಮ್ಮ ಮನೆ ಮುಳುಗ್ಸೋದು. ದೊಡ್ಡದು ಕಣ್ಣಿಗೆ ಕಾಣ್ತದೆ."

ಅವಳು 'ಆಫ್ ಮಾಡಬಾರದು' ಎಂದು ಬರೆದು ಡಬ್ಬಿಯ ಪಕ್ಕ ಅಂಟಿಸಿದಳು. ಮಾವ ಓದಿದರು, ಪಾಲಿಸಿದರು. ಎರಡನೆಯ ವಾರ ಮೀಟರು ಯಾಕೋ ಜಾಸ್ತಿ ಮಿಟುಕಿತೆಂದು, ಯಾವ ಸಾಮಾನು ಎಷ್ಟು ತಿನ್ನುತ್ತದೆ ಎಂಬ ತನಿಖೆಗಾಗಿ ಡಬ್ಬಿಯನ್ನು ಮುಟ್ಟದೆಯೇ ಇಡೀ ಮನೆಯ ಮೇನ್ ಇಳಿಸಿದರು. ಕಾಗದದಲ್ಲಿ ಮೇನ್ ಸ್ವಿಚ್ಚಿನ ಮಾತು ಇರಲಿಲ್ಲವಲ್ಲ. ಅದು ಎರಡನೆಯ ಗುರುತು. ಆ ದಿನ ನವ್ಯ ಬಡಿಸಿದ ಸಾರಿನಲ್ಲಿ ಉಪ್ಪಿರಲಿಲ್ಲ ಎಂದು ಮುನಿಸ್ವಾಮಪ್ಪನವರು ನನ್ನಲ್ಲಿ ಹೇಳಿಕೊಂಡರು, ಕಾರಣ ಮಾತ್ರ ಅವರಿಗೆ ಹೊಳೆದಿರಲಿಲ್ಲ.

ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ. ಬೆಳಿಗ್ಗೆ ನೀರು ಕಾಯಿಸುವ ರಾಡಿನ ಪ್ಲಗ್ಗು ಚಟಪಟ ಎಂದು ಕಿಡಿ ಹಾರಿಸಿತು. ಆರೋಗ್ಯದ ವಿಷಯ. ಮುನಿಸ್ವಾಮಪ್ಪ ತಕ್ಷಣ ಮೇನ್ ಇಳಿಸಿ, ಪೆಟ್ಟಿಗೆಯ ಬಾಗಿಲು ಮುಚ್ಚಿ ತಮ್ಮ ಹಿತ್ತಾಳೆ ಬೀಗ ಜಡಿದರು.

ಈ ಬೀಗದ ಬಗ್ಗೆ ಹೇಳಲೇಬೇಕು. ಗಣಿಯಲ್ಲಿ ಯಾವ ಯಂತ್ರ ರಿಪೇರಿಗಿಳಿದರೂ ಮೊದಲು ಕರೆಂಟು ಇಳಿಸಿ, ರಿಪೇರಿ ಮಾಡುವವನು ತನ್ನ ಸ್ವಂತ ಬೀಗ ಹಾಕಬೇಕು. ಹಾಕಿದವನೇ ತೆಗೆಯಬೇಕು. ಮೇಲಧಿಕಾರಿ ಬಂದರೂ ಇನ್ನೊಬ್ಬನ ಬೀಗ ಮುಟ್ಟುವ ಹಾಗಿಲ್ಲ, ಏಕೆಂದರೆ ಕೆಳಗೆ ತಂತಿಯ ಮೇಲೆ ಅವನ ಕೈ ಇರಬಹುದು. ಎಷ್ಟೋ ಜನರ ಜೀವ ಉಳಿಸಿದ ನಿಯಮ ಅದು. ರಾಡಿನ ಪ್ಲಗ್ಗಿಗೂ ಅನ್ವಯಿಸುತ್ತದೆಂದು ಮುನಿಸ್ವಾಮಪ್ಪನವರ ನಂಬಿಕೆ.

ಬಿಚ್ಚಿ ನೋಡಿದರೆ ಪ್ಲಗ್ಗು ಸುಟ್ಟಿತ್ತು. ಹೊಸದು ತರಲು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ರಾಬರ್ಟ್‌ಸನ್‌ಪೇಟೆಗೆ ಹೊರಟರು. ಮೊಬೈಲನ್ನು ಚಾರ್ಜು ಉಳಿಯಲೆಂದು ಆಫ್ ಮಾಡಿ ಬೀರುವಿನಲ್ಲಿಟ್ಟಿದ್ದರು. ಅಂಗಡಿಯಲ್ಲಿ ಹಳೆಯ ಗಣಿ ಗೆಳೆಯ ಚಿಕ್ಕಮುನಿಯಪ್ಪ ಸಿಕ್ಕರು. ಬಂಗಾರಪೇಟೆಯಲ್ಲಿ ಮಗಳು ಹೊಸ ಮನೆ ಕಟ್ಟಿಸುತ್ತಿದ್ದಾಳೆ, ವೈರಿಂಗ್ ಸರಿಯಿದೆಯೋ ಇಲ್ಲವೋ ನೀನೇ ಬಂದು ಹೇಳಬೇಕು ಎಂದರು. "ನೀನೇ" ಎಂಬ ಮಾತು ಕೇಳಿದ ಮೇಲೆ ಮುನಿಸ್ವಾಮಪ್ಪನವರನ್ನು ತಡೆಯಲು ಸಾಧ್ಯವೇ? ಪ್ಲಗ್ಗು ಜೇಬಿನಲ್ಲೇ ಬಸ್ಸು ಹತ್ತಿತು.

ಇತ್ತ ನವ್ಯ ಸೆಲ್ವರಾಜನನ್ನು ಕರೆಸಿದಳು. "ಅಣ್ಣ, ಈ ಬೀಗ ಒಡೆದುಬಿಡಿ."

ಅವನು ಬೀಗ ನೋಡಿದ, ಹಿಂದೆ ಸರಿದ. "ಅಯ್ಯೋ ನಾನ್ ಮುಟ್ಟಲ್ಲ ತಂಗಚ್ಚಿ. ಇದು ಮೈನ್ಸ್ ಬೀಗ."

"ಇಲ್ಲಿ ಯಾವ ಮೈನ್ಸ್ ಇದೆ? ಒಳಗಿರೋದು ಒಂದು ರಾಡು!"

"ಇರ್ಲಿ. ನಮ್ಮಪ್ಪನೂ ಕೆಳಗಿಳ್ದೋರೇ. ಇನ್ನೊಬ್ಬನ ಬೀಗ ಒಡ್ದೋನ ಕೈಲಿ ನೀರು ಕುಡೀಬಾರ್ದು ಅಂತಿದ್ರು."

ಚಿಕ್ಕವೆಂಕಟಮ್ಮ ಒನಕೆ ತಂದರು. ನಾಲ್ಕು ಏಟಿಗೆ ಪೆಟ್ಟಿಗೆ ನಗ್ಗಿತು, ಬೀಗ ನಗ್ಗಲಿಲ್ಲ. ಅಷ್ಟರಲ್ಲಿ ಹತ್ತು ನಿಮಿಷ ಮೀರಿ ಎಷ್ಟೋ ಹೊತ್ತಾಗಿತ್ತು. ನವ್ಯ ಮೆಟ್ಟಿಲ ಮೇಲೆ ಕುಳಿತು ಹೆಡ್‌ಫೋನಿನ ವೈರನ್ನು ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

ಮುನಿಸ್ವಾಮಪ್ಪ ಮೂರು ಗಂಟೆಗೆ ಬಂದರು. ಬಂಗಾರಪೇಟೆಯ ವೈರಿಂಗಿನಲ್ಲಿ ಹನ್ನೊಂದು ತಪ್ಪು ಹಿಡಿದ ಸಂತೋಷದಲ್ಲಿದ್ದರು. ನಗ್ಗಿದ ಪೆಟ್ಟಿಗೆ ನೋಡಿ "ಯಾವನ್ಲಾ ಇದು ಮಾಡಿದ್ದು?" ಎಂದು ಗುಡುಗಿದರು. "ಯಾವನೂ ಅಲ್ಲ, ನಾನು" ಎಂದರು ಚಿಕ್ಕವೆಂಕಟಮ್ಮ. ಒನಕೆ ಇನ್ನೂ ಅವರ ಕೈಯಲ್ಲೇ ಇತ್ತು.

ಕಂಪನಿಯವರು ಕಾರಣ ಕೇಳಿ ಕಳಿಸಿದ ನಮೂನೆಯಲ್ಲಿ ಮೂರೇ ಕಾರಣಗಳಿದ್ದವು: ನೆಟ್‌ವರ್ಕ್ ದೋಷ, ವಿದ್ಯುತ್ ಕಡಿತ, ಅನಾರೋಗ್ಯ. 'ಮಾವ' ಎಂಬುದು ಪಟ್ಟಿಯಲ್ಲಿರಲಿಲ್ಲ. ನವ್ಯ ತನ್ನ ಮೇಲಧಿಕಾರಿ ರಾಧ ಮೇಡಂಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿ ಅತ್ತಳು. ಆಕೆ ಒಳ್ಳೆಯವಳು. ಮನೆಯ ಯಜಮಾನರು ತಪ್ಪಿನಿಂದ ಆಫ್ ಮಾಡಿದೆ, ಇನ್ನು ಮಾಡುವುದಿಲ್ಲ ಎಂದು ಬರೆದುಕೊಡಲಿ, ಒಂದು ಗುರುತು ಅಳಿಸಿಸುತ್ತೇನೆ ಎಂದಳು.

ಎರಡು ಸಾಲಿನ ಕೆಲಸ. ಮುನಿಸ್ವಾಮಪ್ಪ ಎರಡು ದಿನ ಕುಳಿತು ಮೂರು ಪುಟ ಬರೆದರು. ಮೊದಲ ಪುಟದಲ್ಲಿ ಶಿವನಸಮುದ್ರ ಇತ್ತು. ಎರಡನೆಯದರಲ್ಲಿ ಅವರ ಸೇವಾವಧಿ. ಮೂರನೆಯದರ ಕೊನೆಗೆ, 'ಸದರಿ ದಿನದಂದು ಸುರಕ್ಷತಾ ನಿಯಮಾನುಸಾರ ದುರಸ್ತಿ ನಿಮಿತ್ತ ವಿದ್ಯುತ್ತನ್ನು ಯೋಜಿತವಾಗಿ ನಿಲುಗಡೆ ಮಾಡಲಾಗಿತ್ತು.'

"ಮಾವ, ಇಷ್ಟೆಲ್ಲ ಬೇಡ. ತಪ್ಪಾಯ್ತು ಅಂತ ಒಂದ್ ಮಾತು ಬರೀರಿ. ಸಾಕು."

"ಇಪ್ಪತ್ತೆಂಟು ವರ್ಸ ನನ್ನ ಶಿಫ್ಟ್‌ನಾಗೆ ತಪ್ಪು ಅಂತ ಒಂದ್ ದಿನ ಬರ್ದಿಲ್ಲ ಕಣಮ್ಮ. ನಾನ್ ಮಾಡಿದ್ದು ರೂಲ್ಸು."

"ನಿಮ್ಮ ರೂಲ್ಸಿಗೆ ನನ್ನ ಮಗು ಅಮ್ಮ ಇಲ್ದೆ ಬೆಳೀಬೇಕಾ?"

"ಮಗೂನ ನೋಡ್ಕೊಳಾಕೆ ನಾವಿಲ್ವಾ?" ಎಂದವರೇ ಸಹಿಯ ಕೆಳಗೆ 'ನಿವೃತ್ತ' ಎಂದು ಸೇರಿಸಿದರು.

ಕಂಪನಿ ಕೊಟ್ಟಿದ್ದ ಗಡುವು ಆ ಸಂಜೆಗೆ ಮುಗಿಯುತ್ತಿತ್ತು. ನವ್ಯ ಮೂರೂ ಪುಟದ ಫೋಟೋ ತೆಗೆದು ಕಳಿಸಿದಳು. ಮರುದಿನ ಉತ್ತರ ಬಂತು. ಅದೂ ಎರಡೇ ಸಾಲು. ಯೋಜಿತ ನಿಲುಗಡೆಯಾದರೆ ನಲವತ್ತೆಂಟು ಗಂಟೆ ಮುಂಚೆ ತಿಳಿಸಬೇಕಿತ್ತು. ತಿಳಿಸದ ಕಾರಣ ಸೋಮವಾರದಿಂದ ಆಫೀಸಿಗೆ ಬರುವುದು. ಮುನಿಸ್ವಾಮಪ್ಪ ಆ ಉತ್ತರವನ್ನು ಎರಡು ಸಲ ಓದಿ, "ರೂಲ್ಸು ಸರಿಯಾಗೇ ಅದೆ" ಎಂದರು.

ಈಗ ನವ್ಯ ಮತ್ತೆ ಬೆಳಗಿನ ರೈಲಿನಲ್ಲಿ ನಿಂತು ಹೋಗುತ್ತಾಳೆ. ಚಿಕ್ಕವೆಂಕಟಮ್ಮನಿಗೆ ಮಂಡಿ ನೋವು, ಹಾಗಾಗಿ ಲಿಖಿತಳ ಹಿಂದೆ ಓಡುವುದು ಮುನಿಸ್ವಾಮಪ್ಪನವರ ಪಾಲಿನ ಶಿಫ್ಟು. ಮಗು ದಿನವೆಲ್ಲ "ಅಮ್ಮ ಎಲ್ಲಿ" ಎನ್ನುತ್ತದೆ. ಒಂದೂವರೆಗೆ ನವ್ಯಳಿಗೆ ಊಟದ ಬಿಡುವು ಸಿಗುತ್ತದೆ, ಅದರಲ್ಲಿ ಹತ್ತು ನಿಮಿಷ ಮೊಬೈಲಿನಲ್ಲಿ ಮುಖ ತೋರಿಸುತ್ತಾಳೆ. ಅದಕ್ಕಾಗಿ ತಾತ ಒಂದು ಗಂಟೆಯಿಂದಲೇ ಬಿಳಿ ಡಬ್ಬಿಯ ಮುಂದೆ ಕುರ್ಚಿ ಹಾಕಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿರುತ್ತಾರೆ. ಆ ಹೊತ್ತಿನಲ್ಲಿ ಚಿಕ್ಕವೆಂಕಟಮ್ಮ ಮಿಕ್ಸಿ ಹಾಕಿದರೂ ಲೈನು ಅಲ್ಲಾಡೀತೆಂದು ತಾತ ಹೆದರುತ್ತಾರೆ.

ಮೊನ್ನೆ ನಾನು ಅಲ್ಲೇ ಇದ್ದೆ. ಅಮ್ಮನ ಮುಖ ಬಂತು. ಮಗು ಗೊಂಬೆ ತೋರಿಸಲು ಎತ್ತಿತು. ಅಷ್ಟರಲ್ಲಿ ಮುಖ ಅರ್ಧಕ್ಕೆ ನಿಂತು, ಸುತ್ತುವ ಚಕ್ರ ಬಂದು, ಕೊನೆಗೆ ಅದೂ ಹೋಯಿತು. ಡಬ್ಬಿಯ ದೀಪ ಹಸಿರಾಗೇ ಇತ್ತು. ಮಗು ಚೀರಿಡಲು ಶುರು ಮಾಡಿತು.

"ನಂದು ಎಲ್ಲಾ ಸರಿಯಾಗೇ ಅದೆ! ಯಾವನ್ಲಾ ಅವ್ನು ಅತ್ಲಾಗೆ ಆಫ್ ಮಾಡಿದೋನು?" ಮುನಿಸ್ವಾಮಪ್ಪ ಮೊಬೈಲಿಗೆ ಕೂಗಿದರು, ಗೋಡೆಗೆ ಕೂಗಿದರು, ನನ್ನ ಕಡೆ ತಿರುಗಿ ಇನ್ನೊಮ್ಮೆ ಕೂಗಿದರು.

ಚಿಕ್ಕವೆಂಕಟಮ್ಮ ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಾ ಹೇಳಿದರು: "ಆ ಕಂಪ್ನಿಯಾಗೂ ಯಾರ್ದೋ ಮಾವ ಇರ್ಬೇಕು, ಬಿಡು."