ಡಾಕ್ಟರ ಮನೆಯ ಮೂರು ಮತ

ಡಾಕ್ಟರ್ ಜಗನ್ನಾಥರು ನಿವೃತ್ತರಾದದ್ದೇ ತಡ, ಲಂಡನ್ನಿನ ಗ್ರೀನ್‌ಫರ್ಡಿನ ಆ ಮನೆಯಲ್ಲಿ ಯೂರೋಪಿನ ತತ್ವಜ್ಞಾನಿಗಳ ಕಾಟ ಶುರುವಾಯಿತು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಜನರನ್ನು ಮಲಗಿಸಿದ ಮನುಷ್ಯ, ಈಗ ಎಲ್ಲರನ್ನೂ ಎಬ್ಬಿಸುತ್ತೇನೆಂದು ಹೊರಟಿದ್ದರು. ಪಿನ್ನರಿನ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಸೇರುವ ಕನ್ನಡದವರ ಮುಂದೆ ‘ವಿವೇಕವೇ ದೊರೆ’ ಎಂಬ ಉಪನ್ಯಾಸ ಕೊಡುವುದೆಂದು ನಿಶ್ಚಯವಾಯಿತು. ಅದನ್ನು ಟೈಪ್ ಮಾಡುವ ಕೆಲಸ ಹೆಂಡತಿ ಚಂದ್ರಿಕಾಳ ತಲೆಗೆ ಬಿತ್ತು. ಡಾಕ್ಟರಿಗೆ ಕನ್ನಡ ಟೈಪಿಂಗ್ ಬಾರದು. ಕಲಿಯುವ ಗೋಜಿಗೂ ಅವರು ಹೋದವರಲ್ಲ.

ಚಂದ್ರಿಕಾಗೆ ಅರವತ್ತೊಂದು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಆಸ್ಪತ್ರೆ ಬದಲಿಸಿದಾಗಲೆಲ್ಲ ಪಾತ್ರೆಪಗಡಿ ಕಟ್ಟಿ, ಮತ್ತೆ ಬಿಚ್ಚಿ, ಕಡೆಗೆ ಮೂವತ್ತೆಂಟನೇ ವಯಸ್ಸಿಗೆ ಮನೆ ಹತ್ತಿರದ ಜಿ.ಪಿ. ಸರ್ಜರಿಯ, ಅಂದರೆ ಬಡಾವಣೆಯ ದವಾಖಾನೆಯ, ರಿಸೆಪ್ಷನಿನಲ್ಲಿ ಕೂತಳು. ಅಲ್ಲಿಗೆ ದಿನಕ್ಕೆ ಹತ್ತು ಜನ ಗಂಡಂದಿರ ಫೋನು: ನನ್ನ ಹೆಂಡತಿಯ ರಕ್ತಪರೀಕ್ಷೆ ಏನಾಯಿತು, ನನ್ನ ಹೆಂಡತಿಗೆ ಯಾವ ಮಾತ್ರೆ. ಚಂದ್ರಿಕಾಳದು ಒಂದೇ ಉತ್ತರ, ಅವರನ್ನೇ ಫೋನಿಗೆ ಕರೆಯಿರಿ. ಅವರು ರೇಗಲಿ, ಕೂಗಲಿ, ಮ್ಯಾನೇಜರಿಗೆ ದೂರು ಕೊಡಲಿ, ಅವಳು ಜಗ್ಗುತ್ತಿರಲಿಲ್ಲ. ಇಪ್ಪತ್ತಮೂರು ವರ್ಷ ಊರ ಗಂಡಂದಿರಿಗೆಲ್ಲ ಹೀಗೆ ಹೇಳಿದವಳು ತನ್ನ ಗಂಡನಿಗೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ಚುನಾವಣೆ ಬಂದರೆ ಆ ಮನೆಗೆ ಮೂರು ಅಂಚೆ ಮತಪತ್ರ ಬರುತ್ತವೆ. ಡಾಕ್ಟರದೊಂದು, ಚಂದ್ರಿಕಾಳದೊಂದು, ಬಾಡಿಗೆಗೆ ಹೆದರಿ ಇನ್ನೂ ಅಪ್ಪನ ಮನೆಯಲ್ಲೇ ಇರುವ ಇಪ್ಪತ್ತೇಳರ ಮಗಳು ಸ್ಮೃತಿಯದೊಂದು. ಡಾಕ್ಟರು ಅವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಮೂರಕ್ಕೂ ತಾವೇ ಗುರುತು ಹಾಕುತ್ತಾರೆ. ಆಮೇಲೆ "ಚಂದ್ರಿ, ಇಲ್ಲೊಂದ ಸಹಿ" ಎಂಬ ಕೂಗು. ಅವಳು ಸೌಟನ್ನು ಎಡಗೈಗೆ ಬದಲಿಸಿ, ಸಹಿ ಹಾಕಿ, ಹುಟ್ಟಿದ ದಿನ ಬರೆದು ಒಲೆಯ ಹತ್ತಿರ ಓಡುತ್ತಾಳೆ. ಇದು ಕಾನೂನಿಗೆ ವಿರುದ್ಧವೆಂದು ಡಾಕ್ಟರಿಗೆ ಹೊಳೆದೇ ಇರಲಿಲ್ಲ. ಗ್ಯಾಸಿನ ಬಿಲ್ಲು, ಕೌನ್ಸಿಲ್ ತೆರಿಗೆಯ ಕಾಗದದ ಹಾಗೆ ಇದೂ ಮನೆಯ ಯಜಮಾನ ನೋಡಿಕೊಳ್ಳಬೇಕಾದ ಒಂದು ಕಾಗದ, ಅಷ್ಟೆ.

ಈ ಸಲದ ಕೌನ್ಸಿಲ್ ಚುನಾವಣೆಗೆ ಮಾರ್ಚಿನಲ್ಲೇ ಮತ ಕೇಳುವವರು ಬಾಗಿಲು ತಟ್ಟಲು ಶುರುಮಾಡಿದ್ದರು. ಎಲ್ಲರೂ ಕೇಳುವುದು ಒಂದೇ, ಡಾಕ್ಟರ್ ಇದ್ದಾರಾ? ಒಬ್ಬ ಹೆಂಗಸು ಮಾತ್ರ ಹಾಗೆ ಕೇಳಲಿಲ್ಲ. ಶಾಲೆಯ ಮುಂದೆ ಗುಂಡು ಹಲಗೆ ಹಿಡಿದು ಕಾರು ನಿಲ್ಲಿಸಿ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಮಾಡಿದ್ದವಳು, ಯಾವ ಪಕ್ಷವೂ ಇಲ್ಲದೆ ಪಕ್ಷೇತರಳಾಗಿ ನಿಂತಿದ್ದಳು. ಹೋದ ಸಲ ಹತ್ತೊಂಬತ್ತು ಮತದಿಂದ ಸೋತಿದ್ದಳು. ಸರ್ಜರಿಯ ಮುಂದೆ ಜೀಬ್ರಾ ಪಟ್ಟೆ ಬೇಕೆಂಬುದು ಅವಳ ಹಟ. "ನಿಮಗೇನನ್ನಿಸುತ್ತದೆ?" ಎಂದು ಚಂದ್ರಿಕಾಳನ್ನೇ ನೋಡಿ ಕೇಳಿದಳು. ಕೋಲೂರಿಕೊಂಡ ಮುದುಕರು ಆ ರಸ್ತೆ ದಾಟಲು ಪಡುವ ಪಾಡನ್ನು ಇಪ್ಪತ್ತಮೂರು ವರ್ಷ ಕಿಟಕಿಯಿಂದ ನೋಡಿದ ಚಂದ್ರಿಕಾ, "ಡಾಕ್ಟರ್ ಮನೆಯಲ್ಲಿಲ್ಲ" ಎಂದುಬಿಟ್ಟಳು. ಬಾಗಿಲು ಹಾಕಿದ ಮೇಲೆ ಹಣೆ ಚಚ್ಚಿಕೊಂಡಳು. ಈ ಸಲ ತನ್ನ ಮತ ಇವಳಿಗೇ, ಅದೂ ತನ್ನ ಕೈಯಿಂದಲೇ ಎಂದು ಆಗಲೇ ನಿರ್ಧರಿಸಿದಳು.

ಅತ್ತ ಟೈಪಿಂಗ್ ನಡೆದೇ ಇತ್ತು. ದೇವರೇ ರಾಜನನ್ನು ನೇಮಿಸಿದ್ದಾನೆಂದು ಜನ ನಂಬಿದ್ದ ಕಾಲ. ಆಗ ಇಂಗ್ಲೆಂಡಿನ ಒಬ್ಬ ವೈದ್ಯ, ಆಳಿಸಿಕೊಳ್ಳುವವರ ಒಪ್ಪಿಗೆಯಿಲ್ಲದೆ ಆಳುವ ಹಕ್ಕು ಯಾರಿಗೂ ಇಲ್ಲ ಎಂದು ಬರೆದ. ("ನೋಡು, ಅಂವಾನೂ ನನ್ನ ಹಂಗ ಡಾಕ್ಟರ್!" ಎಂದು ಜಗನ್ನಾಥರು ಹಿಗ್ಗಿದರು.) ಫ್ರಾನ್ಸಿನ ಒಬ್ಬ ನ್ಯಾಯಾಧೀಶ, ಅಧಿಕಾರವೆಲ್ಲ ಒಂದೇ ಕೈಯಲ್ಲಿದ್ದರೆ ಅನಾಹುತ, ಅದನ್ನು ಮೂರು ಪಾಲು ಮಾಡಿ ಎಂದ. ಜಿನೀವಾದ ಗಡಿಯಾರ ಮಾಡುವವನ ಮಗ, ಪ್ರಜೆಯೇ ದೊರೆ ಎಂದ; ಆದರೆ ಹೆಂಗಸು ಗಂಡನನ್ನು ಖುಷಿಪಡಿಸಿಕೊಂಡಿರಲಿ ಎಂದೂ ಸೇರಿಸಿದ. ಇಷ್ಟು ಟೈಪ್ ಮಾಡುವಾಗ ಚಂದ್ರಿಕಾಗೆ ಮೈ ಉರಿಯಿತು. ಮುಂದಿನ ಪುಟದಲ್ಲಿ ಇದೇ ಲಂಡನ್ನಿನಲ್ಲಿ ಶಾಲೆ ನಡೆಸುತ್ತಿದ್ದ ಒಬ್ಬಳು ಅವನಿಗೆ ಉತ್ತರ ಕೊಟ್ಟಿದ್ದಳು. ವಿವೇಕ ನಮಗೂ ಇದೆ, ಅದನ್ನು ಬೆಳೆಸಲು ಬಿಡದೆ ಮೂರ್ಖರೆಂದು ಬಯ್ಯಬೇಡಿ ಎಂಬುದು ಅವಳ ವಾದ. ಆ ಪುಟದ ಮೇಲೆ ಡಾಕ್ಟರು ಅಡ್ಡಗೆರೆ ಎಳೆದಿದ್ದರು.

"ಅಲ್ರೀ, ಇಡೀ ಭಾಷಣದಾಗ ಇರೂದ ಒಬ್ಬಾಕಿ ಹೆಣ್ಮಗಳು. ಅಕೀನ್ನೂ ತಗದ ಒಗದೀರೇನ?"

"ನಲವತ್ತ ನಿಮಿಷ ಅಷ್ಟ ಕೊಟ್ಟಾರ, ಚಂದ್ರಿ. ಅಕಿ ಮ್ಯಾಲೆ ಬ್ಯಾರೇನ ಒಂದ ಭಾಷಣ ಮಾಡೋಣಂತ."

ಉಪನ್ಯಾಸ ಅಮೋಘವಾಗಿತ್ತೆಂದು ಎಲ್ಲರೂ ಹೇಳಿದರು. ನಲವತ್ತು ನಿಮಿಷ ಎಪ್ಪತ್ತಾಯಿತು, ಆದರೂ ಆ ಹೆಂಗಸಿಗೆ ಜಾಗ ಸಿಗಲಿಲ್ಲ. ಪ್ರಶ್ನೆಗಳಿವೆಯೇ ಎಂದಾಗ ಚಂದ್ರಿಕಾ ಎದ್ದು ನಿಂತಳು. ಪಕ್ಕದಲ್ಲಿದ್ದ ಕ್ವೀನ್ಸ್‌ಬರಿಯ ಶ್ರೀವಿದ್ಯಾ, "ಏನ್ರೀ ಇದು, ಮನೇಲಿ ಕೇಳ್ಬಾರ್ದಾ?" ಎಂದು ನಕ್ಕಳು.

"ಹೆಂಡ್ತಿ ಮತಪತ್ರದ ಮ್ಯಾಲೆ ಗಂಡ ಗುರುತು ಹಾಕಿ, ಅಕಿ ಬರೇ ಸಹಿ ಮಾಡಿದ್ರ, ಅದು ಒಪ್ಪಿಗಿ ಅನಸ್ತದೇನ್ರಿ?"

ಸಭೆ ಮೊದಲು ನಕ್ಕಿತು. ಆಮೇಲೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಗಂಡಸರಲ್ಲಿ ನಾಲ್ಕಾರು ಜನ ತಮ್ಮ ಬೂಟು ನೋಡಿಕೊಂಡರು. ಶ್ರೀವಿದ್ಯಾಳ ನಗುವೂ ನಿಂತಿತು. ಡಾಕ್ಟರು ಹಾಳೆಗಳನ್ನು ಜೋಡಿಸಿಕೊಳ್ಳುತ್ತ, "ಬಹಳ ಒಳ್ಳೆಯ ಪ್ರಶ್ನೆ, ಕಾಫಿ ಸಮಯದಲ್ಲಿ ಚರ್ಚಿಸೋಣ" ಎಂದರು. ಕಾಫಿ ಕುಡಿಯುವಾಗ ಅವರು ಸಭಾಂಗಣದ ಇನ್ನೊಂದು ತುದಿಯಲ್ಲಿದ್ದರು.

ಮನೆಗೆ ಬಂದು ಕೋಟೂ ಬಿಚ್ಚದೆ ಮೇಜಿನ ಮುಂದೆ ಕೂತರು. "ನಾಕು ಮಂದ್ಯಾಗ ಮರ್ಯಾದಿ ತಗದಿ" ಎನ್ನುತ್ತಲೇ ಆ ವಾರ ಅಂಚೆಯಲ್ಲಿ ಬಂದಿದ್ದ ಮತಪತ್ರಗಳನ್ನು ಹರಡಿದರು. ತಮ್ಮದಕ್ಕೆ ಗುರುತು ಹಾಕಿದರು. ಚಂದ್ರಿಕಾಳದನ್ನು ಎಳೆದುಕೊಳ್ಳುವಷ್ಟರಲ್ಲಿ ಅವಳ ಕೈ ಅದರ ಮೇಲೆ ಬಿತ್ತು.

"ಇದು ನಂದು."

"ಯಾರಿಗೆ ಹಾಕ್ತಿ? ಎಲ್ಲಾರ ಪ್ರಣಾಳಿಕಿ ನಾ ಓದೇನಿ. ನಿಂಗ ಏನ ಗೊತ್ತದ?"

"ಗೊತ್ತಿಲ್ಲಂದ್ರ ತಪ್ಪ ಹಾಕ್ತೀನಿ. ತಪ್ಪರ ನಂದ ಇರಲಿ! ವಿವೇಕ, ಒಪ್ಪಿಗಿ ಅಂತ ತಿಂಗಳಗಟ್ಟಲೆ ನನ್ನ ಕಡೆ ಬರೆಸೀರಿ. ಬರಿಯೂದ ಅಷ್ಟ ನನ್ನ ಕೆಲಸ, ಅನ್ವಯ ಆಗೂದು ಬ್ಯಾರೇದವರಿಗೆ, ಹೌದಲ್ಲ?"

ಡಾಕ್ಟರು ಪೆನ್ನು ಮೇಜಿನ ಮೇಲೆ ಒಗೆದರು. ಎದ್ದು ದಡದಡ ಮಹಡಿ ಹತ್ತಿದರು. ಚಂದ್ರಿಕಾ ಅದೇ ಪೆನ್ನೆತ್ತಿ ಪಕ್ಷೇತರಳ ಹೆಸರಿಗೆ ಗುರುತು ಹಾಕಿ, ಸಹಿ ಮಾಡಿ, ಲಕೋಟೆ ಅಂಟಿಸಿದಳು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ವರ್ಷ ಹಿಡಿಯಿತಲ್ಲ ಎಂದು ತನ್ನ ಮೇಲೇ ರೇಗಿತು.

ಸೋಫಾದಲ್ಲಿದ್ದ ಸ್ಮೃತಿ ಫೋನಿನಿಂದ ಕಣ್ಣು ತೆಗೆಯದೆ ಹೇಳಿದಳು: "ಅಮ್ಮಾ, ಯೂ ಡೂ ಮೈನ್ ದೆನ್. ಎನಿವನ್ ಈಸ್ ಫೈನ್. ಐ ವಿಲ್ ಸೈನ್."

ಮೇಜಿನ ಮೇಲೆ ಮಗಳ ಮತಪತ್ರ ಖಾಲಿ ಬಿದ್ದಿತ್ತು. ಚಂದ್ರಿಕಾ ಅದನ್ನು ಎತ್ತಿಕೊಂಡಳು. ಪೆನ್ನಿನ ಮುಚ್ಚಳ ಇನ್ನೂ ಹಾಕಿರಲಿಲ್ಲ. ಆ ಹೆಂಗಸಿಗೆ ಒಂದರ ಬದಲು ಎರಡು ಮತ. ಸ್ಮೃತಿಗೇನೂ ಗೊತ್ತಿಲ್ಲ, ನನಗೆ ಗೊತ್ತಿದೆ. ಕೆಟ್ಟದ್ದಕ್ಕಲ್ಲ, ಮುದುಕರು ರಸ್ತೆ ದಾಟಲಿ ಎಂದು. ಇವಳೇ ಒಪ್ಪಿ ಕೊಟ್ಟಿದ್ದಾಳಲ್ಲ. ಕಾರಣಗಳು ಸಾಲುಸಾಲಾಗಿ ಬಂದವು, ಒಂದಕ್ಕಿಂತ ಒಂದು ಸರಿಯೆನಿಸಿತು. ಎಷ್ಟು ಹಿತವಾಗಿತ್ತು ಅದು! ಗಂಡ ಇಷ್ಟು ವರ್ಷ ಇಲ್ಲಿ ಕೂತು ಅನುಭವಿಸಿದ್ದು ಇದನ್ನೇ ಎಂದು ಗೊತ್ತಾದಾಗ ಅವಳಿಗೆ ಹೇಸಿಗೆಯಾಯಿತು.

"ಸ್ಮೃತಿ, ಫೋನ್ ಕೆಳಗಿಡು. ಬಂದು ನೀನ ಓದು."

"ಅಮ್ಮಾ, ಐ ಟ್ರಸ್ಟ್ ಯೂ!"

"ನಂಬಬ್ಯಾಡ ನನ್ನ. ನಾನೂ ನಿಮ್ಮಪ್ಪನಷ್ಟ ಅಪಾಯದಾಕಿ."

ಗೊಣಗುತ್ತ ಬಂದ ಸ್ಮೃತಿ ಹೆಸರುಗಳ ಮೇಲೆ ಬೆರಳಾಡಿಸಿದಳು. ಪಕ್ಷೇತರಳ ಹೆಸರಿನ ಹತ್ತಿರ ನಿಲ್ಲಿಸಿ, "ಹೂ ಈಸ್ ಶಿ?" ಎಂದಳು. ಚಂದ್ರಿಕಾಗೆ ಹೇಳಲು ಒಂದು ಗಂಟೆಯ ಮಾತಿತ್ತು. "ನೀನ ಹುಡುಕಿ ನೋಡು" ಎಂದಷ್ಟೇ ಹೇಳಿ, ಅಲ್ಲಿದ್ದರೆ ಬಾಯಿ ಬಿಟ್ಟೇನೆಂದು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಆ ಹೆಂಗಸು ಈ ಸಲವೂ ಸೋತಳು, ಏಳು ಮತದಿಂದ. ಸ್ಮೃತಿ ಯಾರಿಗೆ ಹಾಕಿದಳೆಂದು ಕೇಳಲು ಚಂದ್ರಿಕಾಗೆ ದಿನಾ ನಾಲಿಗೆ ತುರಿಸುತ್ತದೆ. ಕೇಳಿಲ್ಲ. ಮೈಯೆಲ್ಲ ತುರಿಸಿದರೂ ಕೇಳುವುದಿಲ್ಲ.